ಎರಡನೆಯ ವರ್ಷದ ಡಾಕ್ಟರು

ಕಫರ್ ಶೂನಾ ಎಂಬ ಹಳ್ಳಿಯ ಮಿತ್ವಲ್ಲಿಯ ಮಗ ಬಾಸಿಮ್ ಡಾಕ್ಟರಾದದ್ದು ಹದಿನೆಂಟನೆಯ ವಯಸ್ಸಿನಲ್ಲಿ, ಒಂದು ಮಂಗಳವಾರದ ಮಧ್ಯಾಹ್ನ. ಅಂದು ಪಟ್ಟಣದ ವೈದ್ಯಕೀಯ ಕಾಲೇಜಿಗೆ ಆಯ್ಕೆಯಾದವರ ಪಟ್ಟಿಯಲ್ಲಿ ಅವನ ಹೆಸರು ಬಂತು. ಸಂಜೆಯ ನಮಾಜಿನ ಹೊತ್ತಿಗೆ ಮಿತ್ವಲ್ಲಿ ಕುರಿ ಕಡಿಸಿಯಾಗಿತ್ತು. ತಾಯಿ ನಗಾತ್ ಬಟ್ಟೆ ಒಗೆಯುವ ತೊಟ್ಟಿಯನ್ನು ಬೂದಿ ಹಾಕಿ ತಿಕ್ಕಿ, ಅದರಲ್ಲಿ ಕೆಂಪು ಶರಬತ್ತು ಕಲಸಿ ಓಣಿಗೆಲ್ಲ ಹಂಚಿದಳು. ಮರುದಿನ ಬೆಳಿಗ್ಗೆ ಮಗನನ್ನು ಎಬ್ಬಿಸುವಾಗ "ಏಳಿ ಡಾಕ್ಟ್ರೇ" ಅಂದಳು. ಅಲ್ಲಿಂದ ಮುಂದೆ ಅವಳ ಬಾಯಲ್ಲಿ ಬಾಸಿಮ್ ಎಂಬ ಹೆಸರು ಬರಲಿಲ್ಲ.

ಊರಿಗೂ ಅವನ ಹೆಸರು ಮರೆತುಹೋಯಿತು. ನಗಾತ್ ಡಾಕ್ಟರ ತಾಯಿಯಾದಳು. ಕಾಲುವೆಯ ತೂಬು ಎತ್ತಿ ಇಳಿಸುವ ಸರ್ಕಾರಿ ಕೆಲಸದ ಮಿತ್ವಲ್ಲಿ ಡಾಕ್ಟರ ತಂದೆಯಾದ. ಅಜ್ಜ ಹಜ್ ಮುಗಿಸಿ ಬಂದಾಗ ಮನೆಯ ಹೊರಗೋಡೆಯ ಮೇಲೆ ಕಾಬಾ, ಹಡಗು, ಒಂಟೆಯ ಚಿತ್ರ ಬರೆಸಿದ್ದರು. ಮಿತ್ವಲ್ಲಿ ಬಣ್ಣದವನನ್ನು ಕರೆಸಿ ಆ ಒಂಟೆಯ ಪಕ್ಕದಲ್ಲಿ "ಡಾಕ್ಟರ್ ಬಾಸಿಮ್ ಅವರ ಮನೆ" ಎಂದು ಹಸಿರು ಅಕ್ಷರದಲ್ಲಿ ಬರೆಸಿದ. ಅಕ್ಷರ ಒಂಟೆಗಿಂತ ದೊಡ್ಡದಾಗಿತ್ತು. ಬಾಸಿಮ್‌ಗೆ ಆಗ ಅದು ಇಷ್ಟವಾಗಿತ್ತು. ರಜೆಗೆ ಊರಿಗೆ ಬಂದಾಗ ಬಸ್ಸಿನಿಂದ ಇಳಿದವನು ಬೇಕೆಂದೇ ಆ ಗೋಡೆಯ ಕಡೆಯಿಂದ ಸುತ್ತಿಕೊಂಡು ಮನೆಗೆ ಹೋಗುತ್ತಿದ್ದ.

ಎರಡನೆಯ ವರ್ಷದ ಮಾರ್ಚಿನಲ್ಲಿ ಕೊರೋನಾ ಬಂದು ಕಾಲೇಜು ಮುಚ್ಚಿತು. ಹಾಸ್ಟೆಲಿನವರು ಒಂದು ಬೆಳಿಗ್ಗೆ ಟೈಮು ಕೊಟ್ಟು ಎಲ್ಲರನ್ನೂ ಹೊರಗೆ ಕಳಿಸಿದರು. ಬಾಸಿಮ್ ಎರಡು ಚೀಲ ಪುಸ್ತಕ ಹೊತ್ತುಕೊಂಡು ಊರಿಗೆ ಬಂದ. ಆ ದಿನದವರೆಗೆ ಅವನು ಕಲಿತದ್ದೆಂದರೆ ಮೂಳೆಗಳ ಹೆಸರು, ನರಗಳ ಹೆಸರು, ಹೃದಯದ ನಾಲ್ಕು ಕೋಣೆ, ಔಷಧಿಯ ನೀರಲ್ಲಿ ನೆನೆಸಿಟ್ಟ ಒಂದು ಹೆಣದ ಎಡಗೈ. ಜೀವ ಇರುವ ರೋಗಿಯನ್ನು ಅವನು ಒಮ್ಮೆಯೂ ಮುಟ್ಟಿರಲಿಲ್ಲ. ಸೂಜಿ ಚುಚ್ಚುವುದನ್ನು ಹಾಸ್ಟೆಲಿನಲ್ಲಿ ಮೇಲಿನ ತರಗತಿಯವನೊಬ್ಬ ಕಿತ್ತಳೆ ಹಣ್ಣಿನ ಮೇಲೆ ಹೇಳಿಕೊಟ್ಟಿದ್ದ. ಕಲಿತ ಮೇಲೆ ಇಬ್ಬರೂ ಹಣ್ಣು ಸುಲಿದು ತಿಂದಿದ್ದರು.

ಅವನಿಗೆ ಮಹಡಿಯ ಮೇಲೆ ಪಾರಿವಾಳದ ಗೂಡಿನ ಪಕ್ಕದ ಕೋಣೆ ಕೊಟ್ಟರು. ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಗೂಡಿನ ಮೂಲೆಯಲ್ಲಿ ಮಾತ್ರ. ಪಾರಿವಾಳದ ಹಿಕ್ಕೆಯ ವಾಸನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಅವನು ಪಾಠ ಕೇಳುತ್ತಿದ್ದ. ಅರ್ಧ ಪಾಠಕ್ಕೆ ಪ್ರೊಫೆಸರ ಮುಖ ನಿಂತುಬಿಡುತ್ತಿತ್ತು, ಬಾಯಿ ತೆರೆದಿದ್ದ ಹಾಗೇ. ಪರೀಕ್ಷೆ ನಡೆಯುತ್ತದೋ ಇಲ್ಲವೋ, ವರ್ಷ ಹೋಗುತ್ತದೋ ಉಳಿಯುತ್ತದೋ, ದಿನಕ್ಕೊಂದು ಸುದ್ದಿ ಬರುತ್ತಿತ್ತು. ಮಲಗಿದರೆ ನಿದ್ದೆ ಬರದು. ಬೆಳಗಿನ ಬಾಂಗು ಕೇಳಿದ ಮೇಲೆ ಕಣ್ಣು ಹತ್ತಿದರೆ ಎಚ್ಚರವಾಗುವುದು ಮಧ್ಯಾಹ್ನ ಕಳೆದ ಮೇಲೆ. ಎದ್ದ ಕೂಡಲೇ ಬರಿಹೊಟ್ಟೆಗೆ ಕರಿ ಚಹಾ, ಗೂಡಿನ ಹಿಂದೆ ಕೂತು ಒಂದು ಸಿಗರೇಟು. ಒಂದು ಎಂಟಾಯಿತು, ಎಂಟು ಪೂರ್ತಿ ಪ್ಯಾಕಾಯಿತು. ಬ್ಲೀಚಿಂಗ್ ನೀರಲ್ಲಿ ಕೈ ತೊಳೆದು ತೊಳೆದು ಬೆರಳ ಸಂದಿಯ ಚರ್ಮ ಬಿರಿದು ರಕ್ತ ಒಸರುತ್ತಿತ್ತು. ನಗಾತ್ ತಟ್ಟೆಗೆ ಎರಡು ರೊಟ್ಟಿ, ಹುರುಳಿ, ಒಂದು ಮೊಟ್ಟೆ ಇಟ್ಟು ಮೇಲೆ ಕಳಿಸಿದರೆ ಮೊಟ್ಟೆಯ ಅರ್ಧ ಮಾತ್ರ ಖರ್ಚಾಗಿ ಉಳಿದದ್ದೆಲ್ಲ ಕೆಳಗೆ ಬರುತ್ತಿತ್ತು. ಹಿಂದೆ ಬಂದದ್ದನ್ನು ಅವಳು ಕೋಳಿಗೆ ಹಾಕುತ್ತಿದ್ದಳು. ಆ ವರ್ಷ ಕೋಳಿ ಚೆನ್ನಾಗಿ ಕೊಬ್ಬಿದವು.

"ಓದಿ ಓದಿ ಸೊರಗಿದಾನೆ" ಎಂದು ಅವಳು ಓಣಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಳು.

ಮೂರನೆಯ ವಾರದಲ್ಲಿ ಊರಿನ ಸರ್ಕಾರಿ ಚಿಕಿತ್ಸಾಲಯದ ಡಾಕ್ಟರನ್ನು, ಕೊರೋನಾದವರನ್ನು ಸೇರಿಸುತ್ತಿದ್ದ ಪಟ್ಟಣದ ಜ್ವರದ ಆಸ್ಪತ್ರೆಗೆ ಎತ್ತಿಹಾಕಿದರು. ಅಷ್ಟರವರೆಗೆ ಊರಿಗೆಲ್ಲ ಸೂಜಿ ಹಾಕುತ್ತಿದ್ದ ಕ್ಷೌರದವನು ಕರ್ಫ್ಯೂ ಅಂತ ಅಂಗಡಿ ಮುಚ್ಚಿ ಹೆಂಡತಿಯ ಊರಿಗೆ ಹೋದ. ಔಷಧಿ ಅಂಗಡಿಯವನು ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ, ಒಳಗೆ ಯಾರನ್ನೂ ಬಿಡದೆ, ಹೊರಗಿಂದಲೇ ಮದ್ದು ಎಸೆಯುತ್ತಿದ್ದ. ಅವನು ಎಸೆಯುತ್ತಿದ್ದದ್ದು ಹೆಚ್ಚಾಗಿ ಒಂದೇ ಪೊಟ್ಟಣ. ಊರು ಅದನ್ನು ಮೂರರ ಸೂಜಿ ಅನ್ನುತ್ತಿತ್ತು. ಮೂರು ಸಣ್ಣ ಗಾಜಿನ ಸೀಸೆ, ಒಂದು ಸಿರಿಂಜು. ಒಂದು ಸೀಸೆ ಸೋಂಕಿಗೆ, ಒಂದು ನೋವಿಗೆ, ಒಂದು ಊತ ಇಳಿಸುವ ಕೊರ್ಟಿಜೋನು. ಮೂರನ್ನೂ ಒಂದೇ ಸಿರಿಂಜಿಗೆ ಎಳೆದು ಚುಚ್ಚಿದರೆ ಎಂಥ ನೆಗಡಿ ಜ್ವರವೂ ಸಂಜೆಯೊಳಗೆ ಇಳಿಯುತ್ತದೆ ಎಂದು ಆ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಪೊಟ್ಟಣ ಸಿಗುತ್ತಿತ್ತು. ಚುಚ್ಚುವವರು ಇರಲಿಲ್ಲ.

ಮಿತ್ವಲ್ಲಿ ಮಸೀದಿಯ ಕಟ್ಟೆಯ ಮೇಲೆ, ಹತ್ತು ಜನರ ಎದುರು, "ನನ್ನ ಮಗ ಇದಾನಲ್ಲ" ಅಂದುಬಿಟ್ಟ.

ಬಾಸಿಮ್ ಮಹಡಿಯಿಂದ ಇಳಿದು ಬಂದು ತಂದೆಯನ್ನು ಒಳಕೋಣೆಗೆ ಕರೆದ. "ಅಪ್ಪ, ನಂಗೆ ಔಷಧಿ ಪಾಠ ಇನ್ನೂ ಶುರುವಾಗಿಲ್ಲ. ಅದು ಮುಂದಿನ ವರ್ಷದ್ದು."

"ಔಷಧಿ ಕೊಡು ಅಂದ್ನಾ ನಾನು? ಅದು ಅಂಗಡೀಲಿ ಸಿಗುತ್ತೆ. ನೀನು ಚುಚ್ಚು."

"ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಆ ಕ್ಷೌರದವನು ಎಷ್ಟನೇ ವರ್ಷ ಓದಿದ್ದ ಹೇಳು. ಇಪ್ಪತ್ತು ವರ್ಷ ಚುಚ್ಚಿದ. ಕತ್ತರಿ ಹಿಡಿಯೋ ಕೈಗೆ ಇರೋ ಧೈರ್ಯ ಡಾಕ್ಟ್ರ ಕೈಗಿಲ್ವಾ?" ಮಿತ್ವಲ್ಲಿ ದನಿ ತಗ್ಗಿಸಿದ. "ಗೋಡೆ ಮೇಲೆ ಬರೆಸಿದೀನಿ ಕಣಪ್ಪಾ. ಅಳಿಸ್ಲಾ?"

ಬಾಸಿಮ್ ಅಂದು ಮೊದಲ ಸೂಜಿ ಹಾಕಿದ್ದು ಒಬ್ಬ ಮೀನು ಮಾರುವವನಿಗೆ. ಸೂಜಿ ಮೊದಲ ಸಲ ಚರ್ಮದ ಮೇಲೇ ಜಾರಿತು. ಮೀನಿನವನು ಬೈಯಲಿಲ್ಲ. ಸಂಜೆ ಜ್ವರ ಇಳಿದು ಒಂದು ತಟ್ಟೆ ಅನ್ನ ತಿಂದ. ಮರುದಿನ ಬಾಗಿಲಲ್ಲಿ ನಾಲ್ವರಿದ್ದರು. ರಂಜಾನ್ ಬರುವಷ್ಟರಲ್ಲಿ ಮಿತ್ವಲ್ಲಿ ಅಂಗಳದಲ್ಲಿ ಚಾಪೆ ಹಾಸಿ, ಬಂದವರನ್ನು ಎರಡು ಮೊಳ ದೂರ ದೂರ ಕೂರಿಸಿ, ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದ. ಕಾಲುವೆಯ ನೀರು ಬಿಡುವಾಗಲೂ ಅವನು ಅಷ್ಟು ಶಿಸ್ತು ಮಾಡಿದ್ದನ್ನು ಯಾರೂ ನೋಡಿರಲಿಲ್ಲ. ಬಾಸಿಮ್‌ಗೆ ಕಣ್ಣು ಮುಚ್ಚಿದರೆ ಸೀಸೆಯ ಕತ್ತು ಮುರಿಯುವ ಟಕ್ ಎಂಬ ಸದ್ದು ಕೇಳುತ್ತಿತ್ತು. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು.

ಮೂರು ಮನೆ ಆಚೆ ಮಿತ್ವಲ್ಲಿಯ ಅಕ್ಕ ಫಹೀಮಾ ಇದ್ದಳು. ಗಂಡ ಸತ್ತು ಬಹಳ ಕಾಲವಾಗಿತ್ತು. ಒಬ್ಬನೇ ಮಗ ಹಿಲ್ಮಿ ಹೊರದೇಶದ ದಮ್ಮಾಮಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ಅವಳೂ ಸೊಸೆ ಇಬ್ತಿಸಾಮೂ ಇಬ್ಬರೇ. ಫಹೀಮಾ ಬಾತುಕೋಳಿ ಸಾಕುತ್ತಿದ್ದಳು. ಹಬ್ಬ ಹತ್ತಿರ ಬಂದಾಗ ಬಾತುಕೋಳಿಯನ್ನು ತೊಡೆಯ ಸಂದಿಯಲ್ಲಿ ಹಿಡಿದು, ಕೊಕ್ಕು ಬಿಡಿಸಿ, ನೆನೆಸಿದ ಜೋಳ ತುರುಕಿ, ಕತ್ತನ್ನು ಮೇಲಿಂದ ಕೆಳಕ್ಕೆ ಬೆರಳಲ್ಲಿ ನೀವಿ ಕಾಳು ಇಳಿಸುವುದರಲ್ಲಿ ಅವಳಷ್ಟು ಚುರುಕು ಇನ್ಯಾರೂ ಇರಲಿಲ್ಲ. ಬಾಸಿಮ್ ಪ್ರೌಢಶಾಲೆಯ ಕೊನೆಯ ಪರೀಕ್ಷೆಗೆ ಓದುವಾಗ ಎರಡು ದಿನಕ್ಕೊಮ್ಮೆ ಅವನ ಎದುರು ಕೂತು, ಬೇಯಿಸಿದ ಬಾತುಕೋಳಿಯ ತೊಡೆಯನ್ನು ಬಿಡಿಸಿ ಬಿಡಿಸಿ ಅವನ ಬಾಯಿಗೆ ಇಟ್ಟಿದ್ದಳು. ಅವನು ಡಾಕ್ಟರಾದ ಮೇಲೂ ಬೆದರದೆ ಮಾತಾಡುತ್ತಿದ್ದವಳು ಅವಳೊಬ್ಬಳೇ.

"ಏನೋ ಡಾಕ್ಟ್ರಪ್ಪ, ಕನ್ನಡೀಲಿ ಮುಖ ನೋಡ್ಕೊಂಡಿದೀಯಾ? ರೋಗಿ ಯಾರು ಡಾಕ್ಟ್ರು ಯಾರು ಅಂತ ಗೊತ್ತಾಗಲ್ಲ. ಪ್ಯಾಂಟಿಗೆ ದಾರ ಕಟ್ಕೊಂಡಿದೀಯ. ನಿನ್ನ ತೊಡೆ ಸಂದೀಲಿ ಹಿಡ್ಕೊಂಡು ತುರುಕಬೇಕು ನಾನು."

"ಹಸಿವಾಗಲ್ಲ ಅತ್ತೆ."

"ಹೊಗೆ ಕುಡಿದ್ರೆ ಎಲ್ಲಿಂದ ಹಸಿವಾಗುತ್ತೆ. ನಿಮ್ಮಮ್ಮಂಗೆ ಮೂಗಿಲ್ಲ, ನಂಗಿದೆ."

ಅವಳಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮನೆಯವರಿಗೆಲ್ಲ ಗೊತ್ತು, ಬಾಸಿಮ್‌ಗೂ ಗೊತ್ತು. ದಿನಕ್ಕೆ ಎರಡು ಮಾತ್ರೆ. ಆದರೂ ರಂಜಾನಿನ ಮೂವತ್ತೂ ಉಪವಾಸ ಹಿಡಿದಳು. ಹಗಲಿನ ಮಾತ್ರೆ ಬಿಟ್ಟಳು. ಹಬ್ಬಕ್ಕೆ ಸಕ್ಕರೆ ಪುಡಿ ಉದುರಿಸಿದ ಕಹಕ್ ಬಿಸ್ಕತ್ತನ್ನು ನಾಲ್ಕು ತಟ್ಟೆ ಸುಟ್ಟಳು. ಕರ್ಫ್ಯೂ ಇದ್ದರೂ ಓಣಿಯ ಹೆಂಗಸರೆಲ್ಲ ಬಂದು, ಕೆನ್ನೆಗೆ ಮುತ್ತಿಟ್ಟು, ತಿಂದು ಹೋದರು. ಹಬ್ಬದ ಐದನೆಯ ದಿನ ಅವಳಿಗೆ ಜ್ವರ ಬಂತು. ಜೊತೆಗೆ ಒಣ ಕೆಮ್ಮು.

ಬಾಸಿಮ್ ಬಂದು ಬಾಗಿಲಲ್ಲೇ ನಿಂತ. ಫಹೀಮಾ ನಡುಮನೆಯ ಚಾಪೆಯ ಮೇಲೆ ಒರಗಿದ್ದಳು.

"ಅತ್ತೆ, ಆಸ್ಪತ್ರೆಗೆ ಹೋಗೋಣ."

"ಯಾವ ಆಸ್ಪತ್ರೆ? ಆ ಜ್ವರದ ಆಸ್ಪತ್ರೆಗಾ? ಅಲ್ಲಿ ಹೋದೋರು ಪ್ಲಾಸ್ಟಿಕ್ ಚೀಲದಲ್ಲಿ ವಾಪಸ್ ಬರ್ತಾರೆ. ಪಕ್ಕದೂರಲ್ಲಿ ಆ ಹೆಂಗಸನ್ನ ಏನ್ಮಾಡಿದ್ರು, ಕೇಳಿಲ್ವಾ ನೀನು?"

ಅವನು ಕೇಳಿದ್ದ, ಊರೆಲ್ಲ ಕೇಳಿತ್ತು. ಪಕ್ಕದ ಊರಲ್ಲಿ ಕೊರೋನಾದಿಂದ ಸತ್ತ ಹೆಂಗಸಿನ ಹೆಣ ಬಂದಾಗ, ಜನ ಸ್ಮಶಾನದ ದಾರಿಗೆ ಅಡ್ಡ ನಿಂತು ಗಾಡಿಗೆ ಕಲ್ಲು ಹೊಡೆದಿದ್ದರು. ಗಂಡನ ಗೋರಿ ಅಲ್ಲೇ ಇದ್ದರೂ ಅವಳನ್ನು ಅಲ್ಲಿ ಹೂಳಗೊಡಲಿಲ್ಲ.

"ನಂಗೆ ನಿಮ್ಮ ಮಾವನ ಪಕ್ಕ ಜಾಗ ಇದೆ. ಅದನ್ನ ಕಳ್ಕೊಳೋಕೆ ನಾನು ತಯಾರಿಲ್ಲ" ಅಂದಳು ಫಹೀಮಾ. "ಊರೆಲ್ಲಾ ಚುಚ್ಚಿದೀಯ. ಮೀನಿನವನಿಗೆ ಚುಚ್ಚಿದೀಯ. ನಿಂಗೆ ಅನ್ನ ತಿನ್ಸಿದ ಅತ್ತೆಗೆ ಚುಚ್ಚೋಕೆ ಯಾಕೋ ಹಿಂದೆ ಮುಂದೆ ನೋಡ್ತೀಯ?"

"ನಿಮಗೆ ಸಕ್ಕರೆ ಇದೆ ಅತ್ತೆ. ಈ ಸೂಜಿ ಅದಕ್ಕೆ ಆಗುತ್ತೋ ಇಲ್ವೋ ನಂಗೊತ್ತಿಲ್ಲ."

"ನಿಂಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ. ಇಬ್ತಿಸಾಮಿಗಾ?"

ಅವನು ಔಷಧಿ ಅಂಗಡಿಗೆ ಹೋಗಿ ಹಗ್ಗದ ಈಚೆ ನಿಂತು, "ಸಕ್ಕರೆ ಇರೋರಿಗೆ ಮೂರರ ಸೂಜಿ ಹಾಕ್ಬಹುದಾ?" ಎಂದು ಕೇಳಿದ.

ಅಂಗಡಿಯವನು ನಕ್ಕ. "ನನ್ನ ಕೇಳ್ತೀರಲ್ಲ ಡಾಕ್ಟ್ರೇ. ಅದನ್ನ ನೀವು ನಂಗೆ ಹೇಳ್ಬೇಕು. ಹಾಕ್ಬೇಡಿ ಅಂದ್ರೆ ನಾನು ಕೊಡಲ್ಲ. ಹಾಕ್ತೀನಿ ಅಂದ್ರೆ ಕೊಡ್ತೀನಿ."

ಹಿಂದೆ ಮೂವರು ಕಾಯುತ್ತಿದ್ದರು. ಅವರು ಡಾಕ್ಟರ ಬಾಯನ್ನೇ ನೋಡುತ್ತಿದ್ದರು. "ಕೊಡಿ" ಅಂದ ಬಾಸಿಮ್.

ಅವನು ಫೋನಿನಲ್ಲಿ ಹುಡುಕಬಹುದಿತ್ತು. ಹುಡುಕಲಿಲ್ಲ. ಆ ವಾರ ಪರೀಕ್ಷೆಯ ಬದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದೊಂದು ಪ್ರಬಂಧ ಬರೆದು ಕಳಿಸಬೇಕು ಎಂದು ಆದೇಶವಾಗಿತ್ತು. ಕಳಿಸದಿದ್ದರೆ ವರ್ಷ ಹೋಯಿತು. ಬಾಸಿಮ್ ಪುಸ್ತಕ ತೆರೆದರೆ ಅಕ್ಷರ ಇರುವೆಯ ಹಾಗೆ ಹರಿದಾಡುತ್ತಿತ್ತು. ಎರಡು ದಿನದಿಂದ ಅವನು ಕಣ್ಣು ಮುಚ್ಚಿರಲಿಲ್ಲ. ಕೊನೆಗೆ ಎಲ್ಲರೂ ಮಾಡಿದ್ದನ್ನೇ ಮಾಡಿದ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವನಿಗೆ ಹೇಳಿ ಸಿದ್ಧ ಪ್ರಬಂಧವೊಂದನ್ನು ಫೋನಿಗೆ ತರಿಸಿಕೊಂಡ. ಅದನ್ನು ತೆರೆಯದೆ, ಮೇಲೆ ತನ್ನ ಹೆಸರು ಹಾಕಿ, ಗೂಡಿನ ಮೂಲೆಯಲ್ಲಿ ಫೋನನ್ನು ತಲೆಯ ಮೇಲೆತ್ತಿ ಹಿಡಿದು ಅರ್ಧ ದಿನ ನಿಂತು ಕಳಿಸಿದ. ಕಳಿಸಿಯಾಯಿತು ಎಂದು ಫೋನಿನಲ್ಲಿ ಬಂದಾಗ ಕೆಳಗಿಳಿದು ಅತ್ತೆಗೆ ಮೊದಲ ಸೂಜಿ ಹಾಕಿದ.

ಸಂಜೆಗೆ ಜ್ವರ ಇಳಿಯಿತು. ಮರುದಿನ ಫಹೀಮಾ ಎದ್ದು ಬಾತುಕೋಳಿಗೆ ನೀರಿಟ್ಟಳು. "ಹೊಟ್ಟೇಲಿ ಹಸಿವು ಕುಣೀತಿದೆ" ಎಂದು ಮೂರು ರೊಟ್ಟಿ ತಿಂದಳು. "ಕೈಗುಣ ಇದೆ ಕಣೇ ಇವನಿಗೆ" ಎಂದು ಸೊಸೆಗೆ ಹೇಳಿದಳು. ಆ ಮಾತು ಮಧ್ಯಾಹ್ನದೊಳಗೆ ಓಣಿ ಮುಟ್ಟಿತು. ಜ್ವರ ಮತ್ತೆ ಏರಿತು, ಅವಳು ಮತ್ತೆ ಕರೆಸಿದಳು. ಆರು ದಿನ, ಆರು ಸೂಜಿ. ಸೂಜಿ ಹಾಕುವಾಗಲೆಲ್ಲ ಬಾಸಿಮ್ ಮುಖ ಬೇರೆ ಕಡೆ ತಿರುಗಿಸುತ್ತಿದ್ದ, ಅವಳು ನೋಡಿ ನಗುತ್ತಿದ್ದಳು.

ನಾಲ್ಕನೆಯ ದಿನದಿಂದ ಅವಳಿಗೆ ಬಾಯಾರಿಕೆ. ಮಣ್ಣಿನ ಹೂಜಿ ಖಾಲಿಯಾಗುವುದು, ಇಬ್ತಿಸಾಮ್ ತುಂಬುವುದು, ಮತ್ತೆ ಖಾಲಿಯಾಗುವುದು. ಗಳಿಗೆಗೊಮ್ಮೆ ಬಚ್ಚಲಿಗೆ ಹೋಗುವುದು. ಜ್ವರದ ಉಷ್ಣ ಅಂದರು. ಉಷ್ಣಕ್ಕೆ ನಿಂಬೆಯ ಶರಬತ್ತು ಒಳ್ಳೆಯದು ಅಂದರು. ಇಬ್ತಿಸಾಮ್ ಒಳ್ಳೆಯ ಸೊಸೆ. ಲೋಟಕ್ಕೆ ಮೂರು ಚಮಚ ಸಕ್ಕರೆ ಹಾಕಿ, ಕರಗುವವರೆಗೆ ಕದಡಿ, ಅತ್ತೆಯ ಬಾಯಿಗೆ ಹಿಡಿದಳು. ದಿನಕ್ಕೆ ಹತ್ತು ಲೋಟ.

ಏಳನೆಯ ದಿನ ಮಧ್ಯಾಹ್ನ ಬಾಸಿಮ್‌ನ ಗೆಳೆಯ ಲುಅಯ್ ಫೋನು ಮಾಡಿದ. ಅವನೂ ಅದೇ ತರಗತಿಯವನು, ಪಟ್ಟಣದವನು.

"ಲೇ, ನಿನ್ನ ಪ್ರಬಂಧ ಓದಿದೀಯಾ?"

"ಇಲ್ಲ. ಯಾಕೆ?"

"ಓದು ಮಾರಾಯ. ಪ್ರೊಫೆಸರು ಒಬ್ಬೊಬ್ಬರಿಗೂ ಫೋನ್ ಮಾಡಿ ಒಂದೊಂದು ಪ್ರಶ್ನೆ ಕೇಳ್ತಿದಾರೆ. ನಿನ್ನೆ ಒಬ್ಬನಿಗೆ ಅವನ ಪ್ರಬಂಧದ ಹೆಸರೇ ಗೊತ್ತಿರ್ಲಿಲ್ಲ, ಅಲ್ಲೇ ಫೇಲು. ನಂದೂ ನಿಂದೂ ಒಂದೇ ಅಂಗಡೀದು, ಹೆಸರು ಬೇರೆ, ಒಳಗೆಲ್ಲಾ ಒಂದೇ. ನಾಲ್ಕನೇ ಪುಟ ಓದ್ತೀನಿ ಕೇಳು, ಪ್ರಶ್ನೆ ಬರೋದು ಅಲ್ಲಿಂದಾನೆ." ಲುಅಯ್ ಶಾಲೆಯಲ್ಲಿ ಓದುವ ಹಾಗೆ ರಾಗವಾಗಿ ಓದಿದ. "ಕೊರ್ಟಿಜೋನು ಯಕೃತ್ತಿನಿಂದ ಸಕ್ಕರೆಯನ್ನು ಬಿಡಿಸಿ ರಕ್ತದಲ್ಲಿ ಸಕ್ಕರೆಯ ಪ್ರಮಾಣವನ್ನು ಏರಿಸುತ್ತದೆ. ಆದುದರಿಂದ ಸಕ್ಕರೆ ಕಾಯಿಲೆ ಇರುವವರಿಗೆ ಇದನ್ನು... ಹಲೋ? ಇದೀಯೇನೋ? ನಿನ್ನ ನೆಟ್ಟಿಗೆ ಬೆಂಕಿ ಬೀಳ್ಲಿ."

ಬಾಸಿಮ್ ಚಪ್ಪಲಿ ಇಲ್ಲದೆ ಓಡಿದ.

ಫಹೀಮಾಳ ಮನೆಯ ಬಾಗಿಲಲ್ಲಿ ಇಬ್ತಿಸಾಮ್ ತುಟಿಗೆ ಬೆರಳಿಟ್ಟು ತಡೆದಳು. "ಸದ್ದು ಮಾಡ್ಬೇಡ. ಎಷ್ಟು ದಿನದ ಮೇಲೆ ನಿದ್ದೆ ಹತ್ತಿದೆ."

"ಯಾವಾಗಿಂದ?"

"ನಿನ್ನೆ ಸಂಜೆ ನಮಾಜಿಂದ. ಚೆನ್ನಾಗಿ ಮಲಗಿದಾರೆ. ಉಸಿರು ನೋಡು, ಎಷ್ಟು ಉದ್ದ ತಗೋತಿದಾರೆ."

ಉಸಿರು ಉದ್ದವಾಗಿತ್ತು, ಆಳವಾಗಿತ್ತು, ಭಾರ ಎತ್ತುವವರ ಉಸಿರಿನ ಹಾಗೆ. ಬಾಯಿಂದ ಕೊಳೆತ ಸೇಬಿನ ವಾಸನೆ ಬರುತ್ತಿತ್ತು. ಬಾಸಿಮ್ ತೋಳು ಚಿವುಟಿದ. ಬೆರಳಿಗೆ ಚರ್ಮ ಗಂಟಾಗಿ ನಿಂತಿತು, ಕೆಳಗೆ ಇಳಿಯಲಿಲ್ಲ. ಅವಳು ಕಣ್ಣು ಬಿಡಲಿಲ್ಲ. ತಲೆಯ ಹತ್ತಿರ ಶರಬತ್ತಿನ ಲೋಟ ಇತ್ತು. ಅದರ ಅಂಚಿಗೆ ಇರುವೆ ಹತ್ತಿತ್ತು.

ಆಂಬುಲೆನ್ಸಿನ ನಂಬರಿಗೆ ಹನ್ನೊಂದು ಸಲ ಹೊಡೆದರು, ಹನ್ನೊಂದು ಸಲವೂ ಸಂಗೀತ ಕೇಳಿಸಿತು. ಮಿತ್ವಲ್ಲಿ ಬತ್ತದ ಸಸಿ ಸಾಗಿಸುವ ಮೂರು ಗಾಲಿಯ ಗಾಡಿ ತರಿಸಿದ. ಅದರಲ್ಲಿ ಹಾಸಿಗೆ ಹಾಸಿ ಅಕ್ಕನನ್ನು ಮಲಗಿಸಿದರು. ಪಟ್ಟಣದ ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ಅವಳ ಹಣೆಗೆ ಯಂತ್ರ ಹಿಡಿದು, "ಜ್ವರ ಇದೆ, ಜ್ವರದ ಆಸ್ಪತ್ರೆಗೆ ಹೋಗಿ" ಅಂದ.

"ಇದು ಜ್ವರ ಅಲ್ಲ, ಸಕ್ಕರೆ. ಇನ್ಸುಲಿನ್ ಬೇಕು. ದಯವಿಟ್ಟು ಒಬ್ರು ಡಾಕ್ಟ್ರನ್ನ ಕರೀರಿ" ಅಂದ ಬಾಸಿಮ್.

"ನೀವ್ಯಾರು?"

ಅವನು ಬಾಯಿ ತೆರೆಯುವ ಮೊದಲೇ ಮಿತ್ವಲ್ಲಿ, "ಇವನೂ ಡಾಕ್ಟ್ರೇ" ಅಂದ.

"ಹಾಗಾದ್ರೆ ನಿಮಗೇ ಗೊತ್ತಲ್ಲ ಸ್ವಾಮಿ ನಿಯಮ" ಅಂದ ಕಾವಲಿನವನು, ಮರ್ಯಾದೆಯಿಂದ. ಗೇಟು ತೆಗೆಯಲಿಲ್ಲ.

ಜ್ವರದ ಆಸ್ಪತ್ರೆಯ ಎದುರು ಗಾಡಿಗಳ ಸಾಲು. ಅವರ ಮುಂದೆ ಇನ್ನೂ ನಾಲ್ಕು ಗಾಡಿ ಇದ್ದಾಗ ಫಹೀಮಾಳ ಉಸಿರು ಗಿಡ್ಡವಾಯಿತು. ಮೂರು ಗಾಡಿ ಇದ್ದಾಗ ನಿಂತಿತು. ಬಾಸಿಮ್ ಎದೆ ಒತ್ತಿದ, ಒತ್ತಿದ, ಒಂದು ಪಕ್ಕೆಲುಬು ಮುರಿದದ್ದು ಅವನ ಕೈಗೆ ಗೊತ್ತಾಯಿತು. ಎಷ್ಟನೆಯ ಪಕ್ಕೆಲುಬು ಎಂಬುದೂ ಗೊತ್ತಾಯಿತು. ಮಿತ್ವಲ್ಲಿ ಅವನ ಕೈ ಹಿಡಿದು ನಿಲ್ಲಿಸಿದ. ತಲೆಮುಸುಕು ಎಳೆದು ಅಕ್ಕನ ಮುಖ ಮುಚ್ಚಿದ. ಗಾಡಿಯವನಿಗೆ, "ತಿರುಗಿಸು" ಅಂದ.

ದಾರಿಯಲ್ಲಿ ಬಾಸಿಮ್, "ಅಪ್ಪ, ನನ್ನ ಸೂಜಿ" ಅಂದ. ಆಮೇಲೆ ಮೊದಲಿಂದ ಕೊನೆಯವರೆಗೆ ಹೇಳಿದ. ಕೊರ್ಟಿಜೋನು, ಸಕ್ಕರೆ, ನಾಲ್ಕನೆಯ ಪುಟ. ಮಿತ್ವಲ್ಲಿ ಕಾಲುವೆಯ ಕಡೆ ನೋಡುತ್ತ ಎಲ್ಲವನ್ನೂ ಕೇಳಿದ.

"ಆಯ್ತಾ?"

"ಆಯ್ತು."

"ಇನ್ನೊಂದ್ಸಲ ಹೇಳ್ಬೇಡ. ಈಗ ಸ್ಮಶಾನದ ಹತ್ರ ಜನ ನಿಂತಿರ್ತಾರೆ, ಕೆಮ್ಮು ಇತ್ತು ಅಂತ ಎಲ್ಲರಿಗೂ ಗೊತ್ತು. ಕೊರೋನಾ ಅಲ್ಲ ಅಂತ ನೀನು ಹೇಳಿದ್ರೆ ಅವಳು ಗಂಡನ ಪಕ್ಕ ಮಲಗ್ತಾಳೆ. ನಿನ್ನ ಬಾಯಿಗೆ ಬೇರೇನಾದ್ರೂ ಬಂದ್ರೆ, ಅವಳು ಈ ಗಾಡೀಲೇ ಕೊಳೀತಾಳೆ, ನೀನು ಜೈಲಿಗೆ ಹೋಗ್ತೀಯ. ನೋಡ್ಕೋ."

ಸ್ಮಶಾನದ ದಾರಿಯಲ್ಲಿ ಇಪ್ಪತ್ತು ಮೂವತ್ತು ಗಂಡಸರು ನಿಂತಿದ್ದರು. ಮೂಗಿಗೆ ತಲೆವಸ್ತ್ರ ಕಟ್ಟಿಕೊಂಡಿದ್ದರು. ಕೆಲವರ ಕೈಯಲ್ಲಿ ದೊಣ್ಣೆ ಇತ್ತು. ಅವರಲ್ಲಿ ಮೀನಿನವನೂ ಇದ್ದ. ಊರ ಮುಖ್ಯಸ್ಥ ಮುಂದೆ ಬಂದು, ಮಿತ್ವಲ್ಲಿಯನ್ನು ಬಿಟ್ಟು ಮಗನನ್ನೇ ಕೇಳಿದ.

"ಡಾಕ್ಟ್ರೇ, ನಮ್ಮೂರ ಡಾಕ್ಟ್ರು ನೀವೇ. ನೀವು ಹೇಳಿದ್ದು ನಾವು ನಂಬ್ತೀವಿ. ಅಮ್ಮ ಯಾವುದ್ರಿಂದ ಹೋದ್ರು?"

ಬಾಸಿಮ್ ಗಾಡಿಯ ಪಟ್ಟಿ ಹಿಡಿದು ನಿಂತಿದ್ದ. ಅತ್ತೆಯ ಒಂದು ಪಾದ ಹೊದಿಕೆಯಿಂದ ಹೊರಗೆ ಬಂದಿತ್ತು. ಹಿಮ್ಮಡಿಗೆ ಹಬ್ಬದ ಗೋರಂಟಿ ಇನ್ನೂ ಕೆಂಪಗಿತ್ತು. ಅವನು ಅದನ್ನು ಒಳಗೆ ಸೇರಿಸಿ ಹೊದಿಕೆ ಸರಿಮಾಡಿದ.

"ಸಕ್ಕರೆಯಿಂದ" ಅಂದ.

"ಜ್ವರ?"

"ಸಕ್ಕರೆ ಏರಿ ಸತ್ತಿದ್ದು."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ದೊಣ್ಣೆಗಳು ಪಕ್ಕಕ್ಕೆ ಹೋದವು. ಆರು ಜನ ಬಂದು ಹೆಗಲು ಕೊಟ್ಟರು, ಮೀನಿನವನು ಎಲ್ಲರಿಗಿಂತ ಮುಂದೆ. ನಮಾಜು ಮುಗಿದ ಮೇಲೆ ಒಬ್ಬೊಬ್ಬರೂ ಬಂದು ಡಾಕ್ಟರ ಕೈ ಹಿಡಿದು, "ನೀವಿದ್ದಿದ್ದಕ್ಕೆ ಈ ಏಳು ದಿನವಾದ್ರೂ ಇದ್ರು" ಅಂದರು. ಅವನ ಬೆರಳ ಸಂದಿಯ ಬಿರುಕಿಗೆ ಅವರ ಬೆವರು ತಾಗಿ ಉರಿಯಿತು.

ಮೂರನೆಯ ದಿನ ಇಬ್ತಿಸಾಮಿಗೆ ಜ್ವರ ಬಂತು. ಆ ಮಧ್ಯಾಹ್ನವೇ ದಮ್ಮಾಮಿನಿಂದ ಹಿಲ್ಮಿ ಫೋನು ಮಾಡಿದ. ವಿಮಾನ ಇಲ್ಲದೆ ತಾಯಿಯ ಮಣ್ಣಿಗೂ ಬರಲಾಗದವನು. ಮಿತ್ವಲ್ಲಿ ಐದು ನಿಮಿಷ ಮಾತಾಡಿ, ಫೋನನ್ನು ಮಗನ ಕೈಗೆ ಕೊಟ್ಟು, ಅಲ್ಲೇ ನಿಂತ.

"ಡಾಕ್ಟ್ರೇ, ಅಮ್ಮನ ಕೊನೆ ಗಳಿಗೇಲಿ ನೀನಿದ್ದೆ. ನಿನ್ನ ಕೈ ತಣ್ಣಗಿರ್ಲಿ" ಎಂದು ಹಿಲ್ಮಿ ಅತ್ತ.

ಬಾಸಿಮ್ ತಂದೆಯ ಕಡೆ ನೋಡಲಿಲ್ಲ. "ಹಿಲ್ಮಿ ಭಾವ, ನಾನು ಹೇಳೋದನ್ನ ಪೂರ್ತಿ ಕೇಳು. ನಾನು ಡಾಕ್ಟ್ರಲ್ಲ. ನಾನು ಹಾಕಿದ ಸೂಜಿಯಿಂದ ಅತ್ತೆ ಸತ್ರು. ಆ ಸೂಜಿ ಸಕ್ಕರೆ ಇರೋರಿಗೆ ಹಾಕ್ಬಾರ್ದು. ನಂಗೆ ಗೊತ್ತಿರ್ಲಿಲ್ಲ. ತಿಳ್ಕೋಬಹುದಿತ್ತು, ತಿಳ್ಕೊಳ್ಳಲಿಲ್ಲ. ನಾನೇ ಕೊಂದೆ."

ಫೋನಿನ ಆಚೆ ಯಾವುದೋ ಯಂತ್ರದ ಸದ್ದು ಕೇಳುತ್ತಿತ್ತು. ಮಿತ್ವಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಬಾಸಿಮ್ ಕಾದ. ಬೈಗುಳಕ್ಕೆ ಕಾದ, ಶಾಪಕ್ಕೆ ಕಾದ. ಎಷ್ಟೋ ತಿಂಗಳ ಮೇಲೆ ಅವನ ಎದೆ ಒಂದಿಷ್ಟು ಸಡಿಲವಾಗಿತ್ತು.

ಹಿಲ್ಮಿ ಮೂಗು ಒರೆಸಿಕೊಂಡು ಮಾತಾಡಿದ. "ಅಮ್ಮಂಗೆ ವಯಸ್ಸಾಗಿತ್ತು. ಸಕ್ಕರೆ ಇತ್ತು. ದೇವರು ಬರೆದಿದ್ದ. ಇಬ್ತಿಸಾಮಿಗೆ ಸಕ್ಕರೆ ಇಲ್ಲ. ಅವಳಿಗೆ ಇಪ್ಪತ್ತೇಳು. ಹೋಗು, ಅವಳಿಗೆ ಸೂಜಿ ಹಾಕು."

"ಭಾವ, ನಾನು ಈಗ ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು. ನಂಗೆ ಮನೇಲಿ ಉಳಿದಿರೋದು ಅವಳೊಬ್ಳು. ಅಲ್ಲಿ ಇರೋದು ನೀನೊಬ್ಬ. ಅವಳಿಗೂ ಏನಾದ್ರೂ ಆದ್ರೆ ಆಗ ನೋಡ್ಕೋತೀನಿ ನಿನ್ನ."

ಮಿತ್ವಲ್ಲಿ ಪೊಟ್ಟಣ ಆಗಲೇ ತರಿಸಿಟ್ಟಿದ್ದ. ನಗಾತ್ ಜೊತೆಗೆ ಬಂದಳು, ಹೆಂಗಸಿನ ಕೋಣೆಗೆ ಗಂಡು ಒಬ್ಬನೇ ಹೋಗಬಾರದಲ್ಲ. ಇಬ್ತಿಸಾಮ್ ಅತ್ತೆಯ ಅದೇ ಚಾಪೆಯ ಮೇಲೆ ಒರಗಿದ್ದಳು. ಬಾಸಿಮ್ ಎರಡು ಸೀಸೆಯ ಕತ್ತು ಮುರಿದು ಸಿರಿಂಜಿಗೆ ಎಳೆದುಕೊಂಡ. ಮೂರನೆಯದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಇಬ್ತಿಸಾಮ್ ಅವನ ಕೈಯನ್ನೇ ನೋಡುತ್ತಿದ್ದಳು. "ಅದ್ಯಾಕೆ ಎರಡೇ?"

"ನಿಮಗೆ ಎರಡು ಸಾಕು."

"ಅತ್ತೆಗೆ ಮೂರೂ ಹಾಕ್ತಿದ್ದೆ. ಆರು ದಿನ ನಾನೇ ಪಕ್ಕದಲ್ಲಿ ಕೂತು ನೋಡಿದೀನಿ." ಅವಳಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ, "ಅವರು ನಿಮ್ಮ ರಕ್ತ. ನಾನು ಹೊರಗಿಂದ ಬಂದವಳು. ಅದಕ್ಕೇ ಮಿಗಿಸ್ಕೋತಿದೀಯ" ಅಂದಳು.

"ಹಾಗಲ್ಲ ಅಕ್ಕ. ಆ ಮೂರನೇದೇ ಅತ್ತೆಯನ್ನ..."

"ಡಾಕ್ಟ್ರೇ" ಅಂದಳು ನಗಾತ್, ಬಾಗಿಲ ಕಡೆ ಕಣ್ಣು ತೋರಿಸಿ. ಬಾಗಿಲ ಹೊರಗೆ ಓಣಿಯ ಹೆಂಗಸರು ಮುಸುಕು ಕಚ್ಚಿಕೊಂಡು ನಿಂತಿದ್ದರು. "ಮನೆ ಸೊಸೆಗೆ ಕಮ್ಮಿ ಹಾಕಿದ್ರು ಅನ್ನಿಸ್ಕೋಬೇಡಿ."

"ಅಮ್ಮ, ನಿಂಗೂ ಅಪ್ಪ ಹೇಳಿದಾರಲ್ಲ."

"ಹೇಳಿದಾರೆ." ನಗಾತ್ ಇಬ್ತಿಸಾಮಳ ತೋಳಿನ ಬಟ್ಟೆ ಮೇಲೆ ಸರಿಸಿ, ನಿಂಬೆಯ ಹೋಳಿನಿಂದ ಚರ್ಮ ಉಜ್ಜಿದಳು. ಮಗನ ಕಡೆ ತಿರುಗದೆ, "ಹಾಕಿ" ಅಂದಳು.

ಬಾಸಿಮ್ ಜೇಬಿಗೆ ಕೈ ಹಾಕಿದ. ಸೀಸೆ ಮೈಯ ಶಾಖಕ್ಕೆ ಬೆಚ್ಚಗಾಗಿತ್ತು. ಕತ್ತು ಮುರಿದ.

ಇಬ್ತಿಸಾಮ್ ಎರಡನೆಯ ದಿನ ಎದ್ದಳು. ನಾಲ್ಕನೆಯ ದಿನ ಬಾವಿಯ ಹತ್ತಿರ ನಿಂತು, "ಮೊದಲು ಎರಡೇ ಹಾಕೋಕೆ ನೋಡ್ತಾನೆ, ಬಿಡ್ಬೇಡಿ, ಮೂರೂ ಹಾಕಿಸ್ಕೊಳ್ಳಿ. ಸಕ್ಕರೆ ಇದೆಯಾ ಅಂತ ಕೇಳ್ತಾನೆ, ಇಲ್ಲ ಅನ್ನಿ" ಎಂದು ಹೇಳಿಕೊಟ್ಟಳು. ಆ ಶುಕ್ರವಾರ ಅಂಗಳದ ಚಾಪೆ ಸಾಲದೆ ಮಿತ್ವಲ್ಲಿ ಪಕ್ಕದ ಮನೆಯಿಂದ ಇನ್ನೊಂದು ತಂದು ಹಾಸಿದ. ಬಾಸಿಮ್ ಒಳಗೆ ಕೂತು ಬಂದವರನ್ನೆಲ್ಲ ಒಂದೇ ಮಾತು ಕೇಳಿದ. ಹದಿನೇಳು ಜನ ಬಂದರು. ಹದಿನೇಳು ಜನವೂ ಇಲ್ಲ ಅಂದರು.